ಸ್ಥಳೀಯ ಗಣ್ಯರ ಹೇಳಿಕೆ

ನಿವೃತ್ತಿಯ ನಂತರ ಬರುವ ಕಾಯಿಲೆಗಳಲ್ಲಿ ಬಿ.ಪಿ.ಗೂ ಸಕ್ಕರೆಗೂ ಗುಳಿಗೆಗಳಿವೆ. ಸಾರ್ವಜನಿಕ ಹಿತಾಸಕ್ತಿಗೆ ಮಾತ್ರ ಇನ್ನೂ ಯಾರೂ ಮದ್ದು ಕಂಡುಹಿಡಿದಿಲ್ಲ. ಹೈದರಾಬಾದಿನ ಒಂದು ಕನ್ನಡ ಶಾಲೆಯಲ್ಲಿ ನಾನು ಮೂವತ್ತು ವರ್ಷ ಪೌರನೀತಿ ಪಾಠ ಹೇಳಿದವನು. ಪಾಠ ಹೇಳುತ್ತಿದ್ದಷ್ಟು ಕಾಲ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಆಚರಣೆಗೆ ಇಳಿದದ್ದೇ ಅನರ್ಥವಾಯಿತು.

ಮೆಹದಿಪಟ್ಟಣಂನಲ್ಲಿ ಬಸ್ಸು ಹತ್ತಿ ಪಶ್ಚಿಮಕ್ಕೆ ಹೊರಟರೆ, ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಶುರುವಾಗುವ ಮುಂಚೆ ನಮ್ಮ ಕಾಲನಿ ಸಿಗುತ್ತದೆ. ಕಾಲನಿಯ ಗೋಡೆಯಾಚೆ ಗುಡಿಸಲುಗಳ ಒಂದು ಓಣಿ ಇತ್ತು. ಆ ಗಾಜನ್ನು ನಿಲ್ಲಿಸಲು ಗುಲಬರ್ಗಾ ಕಡೆಯಿಂದ ಬಂದ ಜನ ಅಲ್ಲಿದ್ದರು. ಅವರಲ್ಲೊಬ್ಬಳು ಮಲ್ಲಮ್ಮ. ಒಂದು ಬೆಳಿಗ್ಗೆ ಮತದಾರರ ಚೀಟಿ ಹಿಡಿದು ನಮ್ಮ ಮೆಟ್ಟಿಲ ಬಳಿ ನಿಂತಳು.

“ಮಾಸ್ತರ್ರಿ, ನಾ ಇಲ್ಲಂತ ನೋಡ್ರಿ.”

“ಎಲ್ಲಿ ಇಲ್ಲ?”

“ಲಿಸ್ಟಿನಾಗ. ನಮ್ಮ ಓಣಿಗ್ ಓಣೀನೇ ಇಲ್ಲಂತ. ನೀವೆಲ್ಲಾ ಊರು ಬಿಟ್ಟು ಹೋಗೀರಿ ಅಂದ್ರು ಆಫೀಸಿನ್ಯಾಗ. ಅವ್ರ ಕಣ್ಣ ಮುಂದ ನಿಂತೀನ್ರಿ, ನನಗ ಹೋಗೀದಿ ಅಂತಾರ!”

ಆ ಜಾಗ ಯಾವುದೋ ಕಂಪನಿಯ ಪಾಲಾಗಲಿತ್ತು. ಅಲ್ಲಿ ವಾಸವಿದ್ದುದನ್ನು ಸಾಬೀತುಪಡಿಸಿದವರಿಗೆ ಸರ್ಕಾರದ ಹೊಸ ಕಟ್ಟಡದಲ್ಲಿ ಒಂದೊಂದು ಕೋಣೆ. ಸಾಬೀತೆಂದರೆ ಮತದಾರರ ಪಟ್ಟಿ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕೋಣೆಯಿಲ್ಲ. ಮಲ್ಲಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು, ಸೆಂಟ್ರಿಂಗಿನ ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡ ಗಂಡ. ಅವಳಿಗೆ ಪ್ರಜಾಪ್ರಭುತ್ವವೆಂದರೆ ನಾಲ್ಕು ಜೀವದ ತಲೆಯ ಮೇಲೊಂದು ಸೂರು.

ನಾನು ಕನ್ನಡಕ ಒರೆಸಿಕೊಂಡು ಅಖಾಡಕ್ಕಿಳಿದೆ. ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಎಲ್ಲರೂ ನೋಡಬಹುದೆಂದು ಕಚೇರಿಯವರು ಹೆಮ್ಮೆಯಿಂದ ಹೇಳಿದರು. ನೋಡಿದೆ. ಪುಟಗಳ ಫೋಟೋ ಹಿಡಿದು ಏರಿಸಿದ್ದರು. ಕಣ್ಣು ನೋಯುವವರೆಗೆ ನೋಡಬಹುದಿತ್ತು, ಹೆಸರು ಕೊಟ್ಟು ಹುಡುಕಲು ಬರುತ್ತಿರಲಿಲ್ಲ. ಹುಡುಕಲು ಬಾರದಂತೆ ಪ್ರಕಟಿಸುವುದಕ್ಕೂ ಒಂದು ತಂತ್ರಜ್ಞಾನ ಬೇಕು. ನಮ್ಮ ನಗರ ಅದರಲ್ಲಿ ಆಗಲೇ ಪ್ರಪಂಚದ ಮುಂದಿತ್ತು. ಅಲ್ಲದೆ ಅದು ಉಳಿದವರ ಪಟ್ಟಿ. ತೆಗೆದವರ ಪಟ್ಟಿ ಕೊಡಿ, ಯಾರ ಮಾತಿನ ಮೇಲೆ ತೆಗೆದಿರಿ ಹೇಳಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಅದು ಅನ್ಯರ ಖಾಸಗಿ ವಿಷಯ, ಕೊಡಲಾಗದು ಎಂದು ಉತ್ತರ ಬಂತು. ಮಲ್ಲಮ್ಮ ಇಲ್ಲವೆಂಬ ಸಂಗತಿ ಮಲ್ಲಮ್ಮನಿಂದಲೇ ಮುಚ್ಚಿಡಬೇಕಾದ ಗುಟ್ಟಾಗಿತ್ತು.

ಕಡೆಗೆ ಹೈಕೋರ್ಟು. ಒಬ್ಬ ತರುಣ ವಕೀಲೆ ಫೀಸಿಲ್ಲದೆ ರಿಟ್ ಹಾಕಲು ಒಪ್ಪಿದಳು. ನಾನು ಒಂದನೆಯ ಅರ್ಜಿದಾರ, ಮಲ್ಲಮ್ಮ ಎರಡನೆಯವಳು. ಪ್ರಮಾಣಪತ್ರದಲ್ಲಿ ಒಂದು ವಾಕ್ಯವನ್ನು ನಾನೇ ಹಟ ಹಿಡಿದು ಸೇರಿಸಿದೆ: “ಯಾವ ಬೇಜವಾಬ್ದಾರಿ ವ್ಯಕ್ತಿಯ ಹೇಳಿಕೆಯಿಂದ ಈ ಬಡವರ ಹೆಸರು ಅಳಿಯಿತೋ ಆತನ ಹೆಸರು ಬಹಿರಂಗವಾಗಲಿ.” ‘ಬೇಜವಾಬ್ದಾರಿ’ ಬೇಡ ಸರ್ ಎಂದಳು ವಕೀಲೆ. ಇರಲಿ ಎಂದೆ.

ಎರಡು ವರ್ಷ ವಾಯಿದೆಗಳು ನಡೆದವು. ನಡುವೆ ಒಂದು ಬೆಳಿಗ್ಗೆ ಜೆಸಿಬಿ ಬಂದು ಓಣಿಯನ್ನು ಅರ್ಧ ಗಂಟೆಯಲ್ಲಿ ಸಮ ಮಾಡಿತು. ಮಲ್ಲಮ್ಮನ ಸಂಸಾರ ಕಟ್ಟುತ್ತಿದ್ದ ಕಟ್ಟಡವೊಂದರ ನೆಲಮಾಳಿಗೆಗೆ ಹೋಯಿತು. ಆಮೇಲೆ ನಾವು ಗೆದ್ದೆವು. ಕಾಗದಗಳನ್ನೆಲ್ಲ ಕೊಡಿ ಎಂದು ಆದೇಶವಾಯಿತು.

ಕಾಗದ ಬಂದ ದಿನ ಮಲ್ಲಮ್ಮ ನಮ್ಮ ವರಾಂಡದಲ್ಲಿ ಕೂತಿದ್ದಳು. “ಓದ್ರಿ ಮಾಸ್ತರ, ಯಾವ ಪುಣ್ಯಾತ್ಮ ಅಂತ ಕೇಳೂಣು.” ನಾನು ಓದಿದೆ. “ಮೇಲ್ಕಂಡವರು ಕಾಯಂ ಆಗಿ ಜಾಗ ಬಿಟ್ಟಿದ್ದಾರೆಂದು ಸ್ಥಳೀಯ ಗಣ್ಯರು ಹೇಳಿದ್ದಾರೆ.” ಅಲ್ಲಿಗೆ ನಿಲ್ಲಿಸಿದೆ.

“ಗಣ್ಯರಿಗೆ ಹೆಸರಿಲ್ಲೇನ್ರಿ?”

ಇತ್ತು. ಕೆಳಗೆ ದುಂಡಗಿನ ನನ್ನ ಸಹಿಯೂ ಇತ್ತು.

ಆಗ ನೆನಪಾಯಿತು. ಒಂದು ಮಧ್ಯಾಹ್ನ ಬೆವರೊರೆಸಿಕೊಳ್ಳುತ್ತ ಗುಮಾಸ್ತನೊಬ್ಬ ಬಂದಿದ್ದ. ಮಜ್ಜಿಗೆ ಕುಡಿದು, “ಮೀರು ಪೆದ್ದವಾರು, ದೊಡ್ಡವರು ಮಾಸ್ತರ್ ಗಾರು, ಗುಡಿಸಲಿಗೆಲ್ಲ ಬೀಗ ಇದೆ ಅಂತ ಒಂದು ಸಹಿ” ಎಂದಿದ್ದ. ನಡುಮಧ್ಯಾಹ್ನ ಕೂಲಿಯವರ ಮನೆಗೆ ಬೀಗವಲ್ಲದೆ ಇನ್ನೇನಿರುತ್ತದೆ? ಕಾಗದ ತೆಲುಗಿನಲ್ಲಿತ್ತು, ಕನ್ನಡಕ ಒಳಗಿತ್ತು. ತರಲು ಎದ್ದರೆ ದೊಡ್ಡವರೆನಿಸಿಕೊಂಡ ಸುಖಕ್ಕೆ ಭಂಗ. ಹಾಕಿಬಿಟ್ಟಿದ್ದೆ. ಅಂದು ಸುಳ್ಳಾಗಿದ್ದ ಆ ಹೇಳಿಕೆ ನಾನು ಕೋರ್ಟಿನಲ್ಲಿ ಗೆಲ್ಲುವ ಹೊತ್ತಿಗೆ ನಿಜವಾಗಿತ್ತು.

ಇಷ್ಟನ್ನೂ ಮಲ್ಲಮ್ಮನಿಗೆ ಹೇಳಿದೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಹೆಂಡತಿ ಹೇಳಿದಳು: “ಹುಡುಗರ ಪ್ರೋಗ್ರೆಸ್ ಕಾರ್ಡಿಗೆ ಅವರಪ್ಪ ಓದದೇ ಸಹಿ ಮಾಡಿದ್ರ ನೀವು ವಾಪಸ್ ಕಳಸ್ತಿದ್ರೆಲ್ರಿ.” ಮಲ್ಲಮ್ಮ ಸೆರಗು ಕೊಡವಿ ಎದ್ದು, “ನಡೀರಿ, ಆಫೀಸಿಗೆ ಹೋಗೂಣು. ನಾವು ಇದ್ದೆವು ಅಂತ ಬರದುಕೊಡ್ರಿ,” ಎಂದಳು.

ಬರೆದುಕೊಟ್ಟೆ. ಓದದೆ ಸಹಿ ಮಾಡಿದೆ, ಅಪರಾಧ ನನ್ನದು, ಇವರು ಅಲ್ಲೇ ವಾಸವಿದ್ದರು ಎಂದು ಎರಡು ಪುಟ. ಅಧಿಕಾರಿ ಸಜ್ಜನ, ಕುರ್ಚಿ ಕೊಟ್ಟು, ನಿಧಾನವಾಗಿ ಓದಿದ. “ಮಾಸ್ತರ್ ಗಾರು, ನಿಮ್ಮ ಹೇಳಿಕೆ ನಂಬಲು ಯೋಗ್ಯವಲ್ಲ ಅಂತ ನೀವೇ ಬರೆದಿದ್ದೀರಿ. ಒಪ್ಪಿದೆ. ಹಾಗಾದರೆ ಈ ಹೇಳಿಕೆಯನ್ನು ಹೇಗೆ ನಂಬಲಿ? ಬೇರೆ ಯಾರಾದರೂ ಸ್ಥಳೀಯ ಗಣ್ಯರನ್ನು ಕರೆತನ್ನಿ.” ಮೂವತ್ತು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿಯೂ ಇಷ್ಟು ಅಚ್ಚುಕಟ್ಟಾಗಿ ತರ್ಕ ಮಾಡಿರಲಿಲ್ಲ.

ಹೊರಗೆ ಬೆಂಚಿನ ಮೇಲಿದ್ದ ಮಲ್ಲಮ್ಮನಿಗೆ ವಿಷಯ ಹೇಳಿದೆ. ಅವಳ ಕೆಲಸದ ಒಂದು ದಿನ ಹೋಗಿತ್ತು.

“ಆತು, ಇನ್ನೊಬ್ಬರನ್ನ ಹುಡುಕ್ರಿ ಮಾಸ್ತರ,” ಎಂದಳು. “ಈ ಸಲ ಓದಾಕ ಬರೋರನ್ನ ಕರ್ಕೊಂಡು ಬರ್ರಿ.”

ಅಂದಿನಿಂದ ಹೊಸ ಹೇಳಿಕೆಯ ಕಾಗದ ಹಿಡಿದು ಕಾಲನಿಯಲ್ಲಿ ಮನೆಮನೆ ತಿರುಗುತ್ತಿದ್ದೇನೆ. ಇಂಜಿನಿಯರು, ಡಾಕ್ಟರು, ನಿವೃತ್ತ ತಹಸೀಲ್ದಾರರು ಎಲ್ಲರೂ ಇದ್ದಾರೆ. ಚಹಾ ಕೊಡುತ್ತಾರೆ. ಕನ್ನಡಕ ಹಾಕಿಕೊಂಡು ಮೊದಲ ಅಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಓದುತ್ತಾರೆ. ಓದಿ, ಮಡಿಸಿ, ಎರಡೂ ಕೈಯಿಂದ ವಾಪಸು ಕೊಡುತ್ತಾರೆ. ಓದದೆ ಸಹಿ ಹಾಕುವ ಧಾರಾಳಿ ಇಡೀ ಕಾಲನಿಗೆ ನಾನೊಬ್ಬನೇ ಇದ್ದೆನೆಂದು ಆ ಗುಮಾಸ್ತನಿಗೆ ಹೇಗೆ ಗೊತ್ತಾಯಿತೋ!