ಬೇಕರಿಗೆ ಯಜಮಾನರಿಲ್ಲದ ದಿನ

ಬೇಕರಿ ಯಜಮಾನರ ತಲೆಗೆ ಹುಳ ಬಿಟ್ಟವರು ತರಬೇತಿ ಮೇಡಂ. ಸಣ್ಣ ಅಂಗಡಿ, ಕಾರ್ಖಾನೆಗಳವರಿಗೆಂದು ನಡೆದ ತರಬೇತಿಯ ಕೊನೆಯ ದಿನ ಆಕೆ ಹೇಳಿದ್ದು ಇಷ್ಟು: "ಒಬ್ಬರ ಮೇಲೇ ನಿಂತಿರೋ ಅಂಗಡಿ ಒಂಟಿಕಾಲಿನ ಮೇಜಿದ್ದಂಗೆ. ಯಾರಿಲ್ಲದಿದ್ರೆ ನಿಮ್ಮ ಅಂಗಡಿ ನಿಂತುಹೋಗುತ್ತೋ, ಅವರು ಒಂದು ದಿನ ಹೊರಗಿರ್ಬೇಕು. ಮಿಕ್ಕವರು ನಡೆಸ್ಬೇಕು. ಸಂಜೆ ನಾನೇ ಬಂದು ನೋಡ್ತೀನಿ. ನಡೆದಿದ್ರೆ, ಬೇಕರಿಗಳಿಗೆ ಅಂತ ಬಂದಿರೋ ಒಂದೇ ಒಂದು ಕರೆಂಟಿನ ಓವನ್ ನಿಮ್ಮದು."

'ಯಾರಿಲ್ಲದಿದ್ದರೆ' ಎಂಬ ಮಾತು ಬಿದ್ದ ಕೂಡಲೇ ಯಜಮಾನರು ಎದೆಯುಬ್ಬಿಸಿ ನೆಟ್ಟಗೆ ಕೂತಿದ್ದರು. ಇನ್ಯಾರು? ಬೆಳಗಿನಿಂದ ರಾತ್ರಿಯವರೆಗೆ ಬ್ರೆಡ್ಡು ತಟ್ಟಿ ನೋಡುವವರು ಅವರು, ಬನ್ನು ಒತ್ತಿ ನೋಡುವವರು ಅವರು, ಎಲ್ಲರ ಮೇಲೂ ಕೂಗಾಡುವವರು ಅವರು.

ಆ ಓವನ್ ಅವರಿಗೆ ಬೇಕೇ ಬೇಕಿತ್ತು. ಬ್ರೆಡ್ಡು ಬೇಯಿಸುವ ಅವರ ಹಳೆಯ ಭಟ್ಟಿಯ ಬಾಗಿಲು ಒಂದು ಇಟ್ಟಿಗೆಯ ದಯೆಯಿಂದ ನಿಂತಿತ್ತು. ಹೊಗೆ ಚಿಮಣಿಯೊಂದನ್ನು ಬಿಟ್ಟು ಉಳಿದೆಲ್ಲ ಕಡೆಯಿಂದ ಹೊರಬರುತ್ತಿತ್ತು. ತಾವು ಸೋತರೆ ಓವನ್ ಹಿಂದಿನ ಬೀದಿಯ ಬೇಕರಿಗೆ ಹೋಗುತ್ತದೆ. ಅದರ ಬೆನ್ನಿಗೇ ಗಿರಾಕಿಗಳೂ ಹೋಗುತ್ತಾರೆ.

"ಇವತ್ತು ಏನೇ ಆದ್ರೂ ನಾನು ಒಳಗೆ ಕಾಲಿಡಲ್ಲ. ನೀವೆಲ್ಲ ನಿಭಾಯಿಸ್ತೀರಾ?" ಎಂದು ಬೆಳಿಗ್ಗೆ ಹೆಂಡತಿಯನ್ನು ಕೇಳಿದರು.

"ನೋಡೋಣ, ನೀವು ಹೋಗಿ," ಎಂದರು ಆಕೆ, ಹಿಟ್ಟಿನಿಂದ ಕೈ ತೆಗೆಯದೆ.

ಯಜಮಾನರು ಹೋದದ್ದು ಎದುರಿನ ಕಟಿಂಗ್ ಅಂಗಡಿಗೆ. ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕೂತರೆ ಬೆನ್ನ ಹಿಂದಿನ ಬೇಕರಿಯ ಗಲ್ಲಾ, ಭಟ್ಟಿಯ ಬಾಯಿ ಎರಡೂ ಕಾಣುತ್ತಿದ್ದವು. ನೇರವಾಗಿ ನೋಡುತ್ತ ಕೂತರೆ ಓಡಿಬಿಟ್ಟೇನೆಂಬ ಭಯ. ಕನ್ನಡಿಯಲ್ಲಾದರೆ ಅಂಗಡಿ ಸ್ವಲ್ಪ ಬೇರೆಯವರದ್ದು ಅನ್ನಿಸುತ್ತದೆ.

"ಸುಮ್ನೆ ಕೂರೋಕೆ ಇದೇನು ಬಸ್ ಸ್ಟ್ಯಾಂಡಾ ಯಜಮಾನ್ರೆ?" ಎಂದ ಕಟಿಂಗ್‌ನವನು. "ನಾನು ಕೈಕಟ್ಟಿ ನಿಂತ್ರೆ ಇವನ ವ್ಯಾಪಾರ ಬಿದ್ದೋಯ್ತು ಅಂತಾರೆ ಜನ. ಕಟಿಂಗ್ ಆದ್ರೂ ಮಾಡ್ಲಾ?"

"ಮಾಡಪ್ಪ. ಸಂಜೆವರೆಗೂ ಬರೋ ಹಾಗೆ ಮಾಡು."

ಮೊದಲ ತಟ್ಟೆ ಭಟ್ಟಿಯಿಂದ ಹೊರಬಂತು. ಭಟ್ಟಿ ನೋಡಿಕೊಳ್ಳುವ ಉದ್ದಣ್ಣ ಅದನ್ನು ಹಾಗೇ ಗಲ್ಲಾ ಪಕ್ಕದ ಕಪಾಟಿಗೆ ಸಾಗಿಸಿದ. ಯಾರೂ ತಟ್ಟಿ ನೋಡಲಿಲ್ಲ! ಹೊದಿಸಿದ ಬಟ್ಟೆಯೊಳಗೆ ಯಜಮಾನರ ಬೆರಳುಗಳು ಕುರ್ಚಿಯ ಕೈಯನ್ನೇ ಬ್ರೆಡ್ಡೆಂದುಕೊಂಡು ತಟ್ಟತೊಡಗಿದವು.

ಅಷ್ಟರಲ್ಲಿ ಪಕ್ಕದ ಟೈಲರ್ ಕೊರಳಲ್ಲಿ ಟೇಪು ನೇತಾಡಿಸಿಕೊಂಡು ಓಡಿಬಂದ. "ಯಜಮಾನ್ರೆ, ನಿಮ್ಮಂಗಡೀಲಿ ಹೊಗೆ!"

"ದಿನಾ ಇರುತ್ತಲ್ಲಯ್ಯ."

"ದಿನದ್ದು ಬೂದಿ ಬಣ್ಣ. ಇದು ಕಪ್ಪು. ಬಟ್ಟೆ ವ್ಯಾಪಾರದೋನು ನಾನು, ಬಣ್ಣ ಗೊತ್ತಾಗಲ್ವಾ?"

ಯಜಮಾನರು ಸ್ಪ್ರಿಂಗಿನಂತೆ ಮೇಲೆದ್ದರು. ಕಟಿಂಗ್‌ನವನ ಅಂಗೈ ಅವರ ನೆತ್ತಿಯನ್ನು ಮತ್ತೆ ಕೆಳಗೆ ಒತ್ತಿತು. "ಎದ್ರೆ ಓವನ್ ಹೋಯ್ತು. ಅಲುಗಾಡಿದ್ರೆ ಕಿವಿ ಹೋಯ್ತು. ಯಾವ್ದು ಬೇಕು ಹೇಳಿ."

ಹಲ್ಲು ಕಚ್ಚಿ ಕೂತರು. ಸ್ವಲ್ಪ ಹೊತ್ತಿಗೆ ಹೊಗೆ ತಿಳಿಯಾಯಿತು. "ನೋಡಿದ್ರಾ? ಹುಡುಗರನ್ನ ಹೆಂಗೆ ತಯಾರು ಮಾಡಿದೀನಿ!" ಎಂದರು. ದನಿಯಲ್ಲಿ ಹೆಮ್ಮೆಯಿತ್ತು, ಅದರ ಅಡಿಯಲ್ಲಿ ಸಣ್ಣದೊಂದು ನೋವೂ ಇತ್ತು. ತಾವಿಲ್ಲದೆ ಹೊಗೆಯಾದರೂ ಇನ್ನಷ್ಟು ಹೊತ್ತು ಕಾಡಬಾರದಿತ್ತೇ?

ಕಟಿಂಗ್ ಮುಗಿಯಿತು. ಮುಖಕ್ಕೆ ಮಾಲೀಶು ಆಯಿತು. ಶೇವಿಂಗ್ ಶುರುವಾಯಿತು. ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿಗಳು "ಇವರೇನು ಕುರ್ಚಿ ಕೊಂಡ್ಕೊಂಡ್ರಾ?" ಎಂದು ಗೊಣಗಿದರು. ಬಾಗಿಲಲ್ಲಿ ನಿಂತ ಟೈಲರ್, ಯಾರೂ ಕೇಳದಿದ್ದರೂ, ಬೇಕರಿಯ ವರದಿ ಒಪ್ಪಿಸುತ್ತಲೇ ಇದ್ದ.

"ಶಾಲೆಯೋರು ಬಂದ್ರು. ಬನ್ನು ಕಮ್ಮಿ ಬಂತು ಅಂತಿದಾರೆ. ಅಯ್ಯೋ, ಜೋರಾಗೇ ಜಗಳ ತೆಗೆದ್ರು!"

ಶಾಲೆಯೆಂದರೆ ದೊಡ್ಡ ಗಿರಾಕಿ. "ಏನಂತೆ?" ಎಂದು ಯಜಮಾನರು ಗಕ್ಕನೆ ತಿರುಗಿದರು. ಕತ್ತಿ ತಿರುಗಲಿಲ್ಲ. ಮೀಸೆಯ ಅರ್ಧ ಭಾಗ ಸತ್ತ ಅಳಿಲಿನ ಬಾಲದಂತೆ ಮಡಿಲಿಗೆ ಬಿತ್ತು.

ಟೈಲರ್ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, "ಎರಡೂ ತೋಳು ಸಮ ಇರ್ಬೇಕು ಯಜಮಾನ್ರೆ. ಇನ್ನೊಂದೂ ತೆಗೆಸಿಬಿಡಿ," ಎಂದ.

"ತೆಗಿ," ಎಂದರು ಯಜಮಾನರು, ಯುದ್ಧಕ್ಕೆ ಹೊರಟವರಂತೆ. "ಮೀಸೆ ಮತ್ತೆ ಬೆಳೆಯುತ್ತೆ. ಓವನ್ ಬೆಳೆಯಲ್ಲ."

ಶಾಲೆಯವರು ನಗುನಗುತ್ತ ವಾಪಸು ಹೋಗುವುದು ಕನ್ನಡಿಯಲ್ಲಿ ಕಂಡಿತು. ಹೇಗೆ ಸಮಾಧಾನವಾಯಿತೋ ಗೊತ್ತಾಗಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಟಿಂಗ್‌ನವನು ಕತ್ತರಿ ಕೆಳಗಿಟ್ಟ. "ಇನ್ನು ಏನೂ ಉಳಿದಿಲ್ಲ ಯಜಮಾನ್ರೆ. ಕುರ್ಚಿ ಬಿಡಿ, ಇಲ್ಲ ತಲೆ ಪೂರ್ತಿ ಬೋಳಿಸ್ತೀನಿ."

ಅವರು ಕನ್ನಡಿಯಲ್ಲಿ ಒಮ್ಮೆ ಬೇಕರಿಯನ್ನೂ ಒಮ್ಮೆ ತಲೆಯನ್ನೂ ನೋಡಿದರು.

"ಬೋಳಿಸು."

ಸಂಜೆ ತರಬೇತಿ ಮೇಡಂ ಬೇಕರಿ ಮೆಟ್ಟಿಲು ಹತ್ತಿದಾಗ ಯಜಮಾನರು ರಸ್ತೆ ದಾಟಿ ಬಂದರು. ತಲೆ ಆಗತಾನೇ ತುಪ್ಪ ಸವರಿದ ಬನ್ನಿನಂತೆ ಹೊಳೆಯುತ್ತಿತ್ತು. ಗಲ್ಲಾದಲ್ಲಿ ಕೂರುವ ಕೆಲಸದ ಅಕ್ಕ, "ಏನು ಕೊಡ್ಲಿ ಸಾರ್? ಬ್ರೆಡ್ಡು ಖಾಲಿ," ಎಂದಳು.

"ನಾನು ಕಣಮ್ಮ!"

ದನಿ ಕೇಳಿದ್ದೇ ತಡ, ಆಕೆ ಅಭ್ಯಾಸಬಲದಿಂದ ಎದ್ದು ನಿಂತಳು.

ಮೇಡಂ ಕಪಾಟು ನೋಡಿದರು, ಭಟ್ಟಿ ನೋಡಿದರು, ಮೆಚ್ಚಿ ತಲೆದೂಗಿದರು. ಹಿಂದೆಯೇ ಬಂದಿದ್ದ ಟೈಲರ್ ಸಾಕ್ಷಿ ನುಡಿದ: "ಹೊಗೆ ಬಂದ್ರೂ ಏಳ್ಲಿಲ್ಲ ಮೇಡಂ. ಶಾಲೆಯೋರು ಜಗಳ ತೆಗೆದ್ರೂ ಏಳ್ಲಿಲ್ಲ. ಮೀಸೆ ಹೋದ್ರೂ ಏಳ್ಲಿಲ್ಲ!"

"ಭೇಷ್," ಎಂದು ಮೇಡಂ ಉದ್ದಣ್ಣನ ಕಡೆ ತಿರುಗಿದರು. "ಹೊಗೆ ಬಂದಾಗ ಏನು ಮಾಡ್ಬೇಕು ಅಂತ ಯಾರನ್ನ ಕೇಳಿದ್ರಿ?"

"ಅಮ್ಮನ್ನ." ಉದ್ದಣ್ಣ ಹಿಟ್ಟಿನ ಕೋಣೆಯತ್ತ ಕೈ ತೋರಿಸಿದ. ಅಲ್ಲಿ ಯಜಮಾನರ ಹೆಂಡತಿ ಪಾತ್ರೆ ತೊಳೆಯುತ್ತಿದ್ದರು.

"ಶಾಲೆಯವರ ಜಗಳ?"

"ಅಮ್ಮಾನೇ ಬಂದು ಮಾತಾಡಿದ್ರು."

"ಯಜಮಾನರು ಇರೋ ದಿನ ಯಾರನ್ನ ಕೇಳ್ತೀರಿ?"

ಉದ್ದಣ್ಣ ಸೂರು ನೋಡಿದ. ಗಲ್ಲಾದ ಅಕ್ಕ ನೆಲ ನೋಡಿದಳು. "ಅವತ್ತೂ ಅಮ್ಮನ್ನೇ ಮೇಡಂ. ಸ್ವಲ್ಪ ಮೆಲ್ಲಗೆ ಕೇಳ್ತೀವಿ, ಅಷ್ಟೇ," ಎಂದಳು.

ಮೇಡಂ ಯಜಮಾನರ ಬೋಳುತಲೆಯನ್ನು ಕನಿಕರದಿಂದ ನೋಡಿದರು.

"ಹಂಗಾದ್ರೆ ಪರೀಕ್ಷೆ ಇನ್ನೂ ಶುರುವೇ ಆಗಿಲ್ಲ ಸಾರ್. ಹೊರಗಿರ್ಬೇಕಾದವರು ಇವತ್ತೆಲ್ಲ ಒಳಗೇ ಇದ್ರು. ನಾಳೆ ನಿಮ್ಮ ಮನೆಯವರಿಗೆ ರಜೆ. ನೀವು ನಡೆಸಿ. ಸಂಜೆ ಮತ್ತೆ ಬರ್ತೀನಿ."

ಮಾತು ಮುಗಿಯುವ ಮೊದಲೇ ಹೆಂಡತಿ ಕೈ ಒರೆಸಿಕೊಂಡು ಏಪ್ರನ್ ಬಿಚ್ಚಿದ್ದರು. "ಒಂದೇ ದಿನಾನಾ ಮೇಡಂ? ಹೋಗ್ಲಿ, ಇಷ್ಟಾದ್ರೂ ಸಿಕ್ತಲ್ಲ." ಏಪ್ರನ್ನನ್ನು ಗಂಡನ ಹೆಗಲಿಗೆ ಹಾಕಿದರು. "ಈಗಿನ ಬಸ್ಸಿಗೇ ನಮ್ಮಕ್ಕನ ಮನೆಗೆ ಹೊರಟೆ. ಫೋನು ಇಲ್ಲೇ ಬಿಟ್ಟಿರ್ತೀನಿ, ಯಾರೂ ಹುಡುಕ್ಬೇಡಿ."

ಆಕೆ ಮೆಟ್ಟಿಲಿಳಿದು ಹೋದರು. ಮೇಡಂ ಕೂಡ ಹೊರಟರು. ಯಜಮಾನರು ಏಪ್ರನ್ ಬಿಗಿದರು, ತೋಳು ಮಡಿಸಿದರು. "ನಡೆಸ್ತೀನಿ! ನಡೆಸೇ ನಡೆಸ್ತೀನಿ! ಓವನ್ ಅದ್ಹೇಗೆ ಬರಲ್ಲ ನೋಡ್ತೀನಿ!"

ಬಳಿಕ ಉದ್ದಣ್ಣನ ಹತ್ತಿರ ಸರಿದು, ಬಹಳ ಮೆಲ್ಲಗೆ ಕೇಳಿದರು: "ಹಿಟ್ಟಿಗೆ ಉಪ್ಪು ಎಷ್ಟು ಹಾಕೋದೋ?"

ಉದ್ದಣ್ಣ ಬೀದಿಯ ಕಡೆ ಕತ್ತು ಚಾಚಿ ನೋಡಿದ. ಬಸ್ಸು ತಿರುವಿನಲ್ಲಿ ಮರೆಯಾಗುತ್ತಿತ್ತು.

"ಅಮ್ಮನ್ನ ಕೇಳ್ಬೇಕಿತ್ತು, ಯಜಮಾನ್ರೆ."