ಬೊಂಬಾಯಿಯ ಸೊಸೆ, ರಾಯಚೂರಿನ ಸೂತಕ

ಎದುರುಮನೆಯ ಹಂಪಮ್ಮನವರು ನಮ್ಮ ಪಡಸಾಲೆಗೆ ಕಾಲಿಟ್ಟ ಕೂಡಲೇ ತಲೆಯ ಮೇಲೆ ಸೆರಗು ಹೊದ್ದುಕೊಳ್ಳುತ್ತಿದ್ದರು. ರಾಯಚೂರಿನ ನಮ್ಮ ಓಣಿಗೆ ಮೊಟ್ಟಮೊದಲು ಟಿ.ವಿ. ತಂದ ಮಹಾಪುರುಷನಿಗೆ ಸಲ್ಲಿಸುವ ಗೌರವವಿದು ಎಂದು ಆರು ತಿಂಗಳು ಬೀಗಿದ್ದೆ. ನಿಜವಾಗಿ ಅದು ಟಿ.ವಿ.ಯೊಳಗೆ ವಾರ್ತೆ ಓದುವ ಕೋಟಿನ ಗಂಡಸಿಗೆ ಸಲ್ಲುತ್ತಿತ್ತು. (ನಾನು ಬನಿಯನ್ನಿನಲ್ಲಿರುತ್ತಿದ್ದೆ; ಗೌರವ ಸಿಕ್ಕಿಸಲಿಕ್ಕೂ ಒಂದು ಗುಂಡಿ ಬೇಕಲ್ಲ!)

ಎಂಬತ್ತಾರನೇ ಇಸವಿ. ನನ್ನನ್ನು ದೇವದುರ್ಗಕ್ಕೆ ವರ್ಗ ಮಾಡುವ ಕಾಗದ ನಮ್ಮ ಕಚೇರಿಯ ಮಹಾಂತಯ್ಯ ಸಾಹೇಬರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಸಾಹೇಬರಿಗೆ ಕ್ರಿಕೆಟ್ಟಿನ ಹುಚ್ಚು. ಭಾನುವಾರದ ಪಂದ್ಯ ನೋಡಲು ಮನೆಗೆ ಕರೆದೆ. ಮಿರ್ಚಿ ಭಜಿ ತಿನ್ನಿಸಿ, ವರ್ಗಾವಣೆಯನ್ನು ಕ್ಲೀನ್ ಬೋಲ್ಡ್ ಮಾಡುವುದು ನನ್ನ ವ್ಯೂಹ.

ಗುರುವಾರ ಸಂಜೆ ಹಿಂದಿ ಧಾರಾವಾಹಿಯ ಸಣ್ಣ ಸೊಸೆ, ಎಂಟು ವಾರ ಕೆಮ್ಮಿ, ತೀರಿಕೊಂಡಳು. ಪಡಸಾಲೆಯಲ್ಲಿ ಕಿಕ್ಕಿರಿದ ನಲವತ್ತು ಮಂದಿ ಗೊಳೋ ಎಂದರು. ಮರುದಿನ ಮುಂಜಾನೆ ಹಂಪಮ್ಮನವರು ಜೋಳದ ರೊಟ್ಟಿ, ಪುಂಡಿಪಲ್ಯ ಹೊತ್ತು ಬಂದರು.

“ಸತ್ತ ಮನ್ಯಾಗ ಒಲಿ ಹಚ್ಚಬಾರದ್ರೀ. ಉಣ್ರಿ.”

“ಯಕ್ಕಾ, ಆಕಿ ಸತ್ತಿದ್ದು ಬೊಂಬಾಯಾಗ!”

“ಬೊಂಬಾಯಾಗ ಸತ್ತಿದ್ದು ಯಾರು ನೋಡ್ಯಾರ? ನಿಮ್ಮ ಮನ್ಯಾಗ ಸತ್ತಿದ್ದು ಓಣಿಗೆ ಓಣೀನ ನೋಡೇದ!”

ಈ ತರ್ಕಕ್ಕೆ ಯಾವ ಶಾಸ್ತ್ರದಲ್ಲೂ ಮದ್ದಿಲ್ಲ. ನನ್ನಾಕೆ ಸೂಗಮ್ಮ ಒಲೆಗೆ ನೀರು ಹೊಯ್ದು, “ಹಿರೇರು ಹೇಳಿದ ಮ್ಯಾಲ ಮುಗೀತು” ಎಂದು ಕಾಲು ಚಾಚಿ ಕೂತಳು. ಮನೆಗೊಂದರಂತೆ ಬುತ್ತಿಗಳು ಬಂದವು. ನಾನೂ ಸಭ್ಯ ದುಃಖದಿಂದ ಹೊತ್ತಿಗೆರಡು ರೊಟ್ಟಿ ಹೆಚ್ಚೇ ಉಂಡೆ. (ಪಕ್ಕದ ಮನೆಯ ಮುನವ್ವರ್ ಬೀ ಕಳಿಸಿದ ಎಣ್ಣೆಗಾಯಿಗಾಗಿ ಇನ್ನೊಬ್ಬ ಸೊಸೆ ಸತ್ತರೂ ನನ್ನ ಅಭ್ಯಂತರವಿರಲಿಲ್ಲ.)

ಭಾನುವಾರ ಟಿ.ವಿ. ಹಚ್ಚಲು ಹೋದರೆ ಅದರ ಮೇಲೆ ಬಿಳಿ ಬಟ್ಟೆ, ಮುಂದೆ ದೀಪ, ಸುತ್ತ ಹೆಂಗಸರು.

“ಸೂತಕದ ಮನ್ಯಾಗ ಆಟ ಹಚ್ತೀರೇನ್ರೀ? ಹೊಟ್ಟ್ಯಾಗ ಕರುಳದನೋ ಕಲ್ಲದನೋ?” ಎಂದರು ಹಂಪಮ್ಮ.

“ಯಕ್ಕಾ, ಸಾಹೇಬ್ರು ಬರಾಕತ್ತಾರ. ನನ್ನ ವರ್ಗದ ಮಾತದ!”

“ಆಕಿ ಸ್ವರ್ಗಕ್ಕ ಹೋಗ್ಯಾಳ, ಇವರಿಗಿ ವರ್ಗದ ಚಿಂತಿ!”

ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ದೀಪ ನೋಡಿ, ಅಳುವ ಹೆಂಗಸರನ್ನು ನೋಡಿ, ಬಾಗಿಲಲ್ಲೇ ಬೂಟು ಕಳಚಿದರು.

“ಯಾರು ಹೋದ್ರು?” ಎಂದು ಪಿಸುಗುಟ್ಟಿದರು.

“ಸಣ್ಣ ಸೊಸಿರೀ,” ಎಂದು ಸೂಗಮ್ಮ ಮೂಗೊರೆಸಿಕೊಂಡಳು.

ನಮ್ಮ ಒಬ್ಬನೇ ಮಗನಿಗೆ ಆಗ ಒಂಬತ್ತು ವರ್ಷ. ಏಳರ ಮಗ್ಗಿಯೇ ಅವನಿಗೆ ಒಲಿದಿರಲಿಲ್ಲ, ಹೆಂಡತಿ ಎಲ್ಲಿಂದ ಬರಬೇಕು! ಆದರೆ ಸಾಹೇಬರಿಗೆ ಅದು ಗೊತ್ತಿಲ್ಲ. ನಿಜ ಹೇಳಿದರೆ ಹುಚ್ಚನೆಂದಾರೆಂದು ನಾನು ತಲೆ ತಗ್ಗಿಸಿದೆ. ಅದನ್ನವರು ಶೋಕವೆಂದು ತಿಳಿದರು.

“ಈ ಮನ್ಯಾಗ ಇದ್ರ ನಿಮಗ ದಿನಾ ಆಕಿ ನೆನಪು,” ಎಂದು ನನ್ನ ಹೆಗಲು ತಟ್ಟಿದರು. “ಊರು ಬಿಟ್ರ ಮನಸ್ಸು ಹಗುರಾಗ್ತದ್ರೀ. ನಾ ನೋಡ್ಕೋತೀನಿ.”

ಸೋಮವಾರ ಹತ್ತು ಗಂಟೆಗೇ ಸಹಿ ಬಿತ್ತು. ದುಃಖ ಮರೆಯಲು ದೇವದುರ್ಗ ಸಾಲದೆಂದು, ಅದನ್ನು ಹೊಡೆದು ಕರುಣೆಯಿಂದ ಅದೇ ತಾಲೂಕಿನ ಇನ್ನೂ ಸಣ್ಣ ಊರು ಅರಕೇರಾ ಎಂದು ತಿದ್ದಿದ್ದರು.

ಸಾಮಾನು ಲಾರಿಗೇರುವಾಗ ಹಂಪಮ್ಮನವರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನಾನು ಸಮಾಧಾನ ಹೇಳಲು ಹತ್ತಿರ ಹೋದೆ.

“ಯಕ್ಕಾ, ನನ್ನ ಸಲುವಾಗಿ ಇಷ್ಟು ಅಳಾಕತ್ತೀರೇನ್ರೀ?”

“ನಿಮಗ್ಯಾಕ ಅಳ್ಲಿ, ನೀವೇನು ಸತ್ತೀರೇನು? ಆ ಟೀವಿ ಮೆತ್ತಗ ಇಡ್ರಿ, ಒಳಗ ಮಂದಿ ಅದಾರ!”