ಪೆಟ್ಟಿಗೆ ಅಂಗಡಿಯ ಮಾಲೀಕರು

ಸಾವಿನ ಮನೆಯಲ್ಲಿ ಹಲ್ಲು ಕಾಣಿಸಬಾರದು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ನಾನು ಆ ಪಾಠವನ್ನು ಇಂದಿಗೂ ಪಾಲಿಸುತ್ತೇನೆ. ಆದರೆ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಶವಪೆಟ್ಟಿಗೆ ಮಾಡುವ ಅಂಗಡಿಯ ಆಫೀಸು ನೋಡಿಕೊಳ್ಳುವ ಹೆಂಗಸಿಗೆ ಅದು ಸುಲಭವಲ್ಲ. ತುಟಿ ಬಿಗಿ ಹಿಡಿದು ಕೂತಷ್ಟೂ ನಗು ಬರಿಸುವ ಪ್ರಸಂಗಗಳು ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತವೆ.

ಮಾಲೀಕರಾದ ದಿನ

ನಮ್ಮ ಯಜಮಾನರಿಗೆ ಮಕ್ಕಳಿರಲಿಲ್ಲ. ಶ್ವಾಸಕೋಶದ ಕಾಯಿಲೆ ಇತ್ತು. ಒಂದು ಸೋಮವಾರ ಎಲ್ಲರನ್ನೂ ಕರೆದು, "ಇವತ್ತಿಂದ ಅಂಗಡಿ ನಿಮ್ಮದು. ದುಡಿದ ವರ್ಷಕ್ಕೆ ತಕ್ಕ ಹಾಗೆ ಪಾಲು. ವರ್ಷದ ಕೊನೆಗೆ ಬಂದ ಲಾಭ ಹಂಚಿಕೊಳ್ಳಿ. ನನಗೆ ಒಂದೇ ಆಸೆ. ನಾನು ಹೋಗೋದ್ರೊಳಗೆ, ನೀವು ಒಂದೇ ಒಂದು ವಿಷಯ ನನ್ನ ಕೇಳದೆ ತೀರ್ಮಾನ ಮಾಡಿದ್ದು ನೋಡ್ಬೇಕು" ಎಂದರು.

ಪೆಟ್ಟಿಗೆ ಮಾಡುವ ಮೇಸ್ತ್ರಿ ಹಲಸೂರಿನವರು, ಎಲ್ಲರಿಗಿಂತ ಹಳಬರು, ಹಾಗಾಗಿ ಎಲ್ಲರಿಗಿಂತ ದೊಡ್ಡ ಪಾಲುದಾರರು. ಅವರು ಎದ್ದು ನಿಂತು ಕಣ್ಣೊರೆಸಿಕೊಂಡರು. ಭಾಷಣ ಮಾಡುತ್ತಾರೆಂದು ನಾನೂ ನೆಟ್ಟಗೆ ಕೂತೆ.

"ತುಂಬಾ ಸಂತೋಷ ಸಾರ್" ಎಂದರು ಮೇಸ್ತ್ರಿ. "ಹಂಗಾದ್ರೆ ಈಗ ಊಟಕ್ಕೆ ಹೋಗ್ಲಾ?"

ಕ್ಷೇಮ ಸಮಾಚಾರ

ಪಾಲು ಬಂದ ಮೇಲೆ ನಮ್ಮ ಶವವಾಹನದ ಡ್ರೈವರ್‌ಗೆ ವ್ಯಾಪಾರದ ಮೇಲೆ ವಿಪರೀತ ಶ್ರದ್ಧೆ ಹುಟ್ಟಿತು. ಕೆ.ಆರ್. ಪುರದಿಂದ ಬರುವ ಮನುಷ್ಯ. ಮೊದಲು ದಿನವೂ ತಡ. ಈಗ ಭಾನುವಾರವೂ ಇಸ್ತ್ರಿ ಶರ್ಟು ಹಾಕಿಕೊಂಡು ಚರ್ಚಿನ ಮೆಟ್ಟಿಲ ಹತ್ತಿರ ನಿಂತು, ಹಿರಿಯರನ್ನೆಲ್ಲ ವಿಚಾರಿಸತೊಡಗಿದ.

"ಅಜ್ಜೀ, ಕೆಮ್ಮು ಹೆಂಗಿದೆ? ರಾತ್ರಿ ನಿದ್ದೆ ಬರ್ತಿದ್ಯಾ?"

ಅಜ್ಜಿ ಊರುಗೋಲು ಎತ್ತಿ ತೋರಿಸಿದರು. "ನಿಂಗ್ಯಾಕಪ್ಪಾ ಅವಸರ? ನಾನಿನ್ನೂ ಆರ್ಡರ್ ಕೊಟ್ಟಿಲ್ಲ."

ಸೋಮವಾರ ಅವನನ್ನು ಎದುರಿಗೆ ನಿಲ್ಲಿಸಿ, ಇನ್ನು ಮುಂದೆ ಯಾರ ಆರೋಗ್ಯವನ್ನೂ ವಿಚಾರಿಸಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ಅವನು ತಲೆಯಾಡಿಸಿದ. ಹೋಗುವಾಗ ಬಾಗಿಲಲ್ಲಿ ತಿರುಗಿ, "ಮೇಡಂ, ನಿಮ್ ಬಿ.ಪಿ. ಪರ್ವಾಗಿಲ್ವಾ?" ಎಂದ.

ವ್ಯಾನಿನ ಬಣ್ಣ

ವ್ಯಾನಿಗೆ ಬಣ್ಣ ಹೊಡೆಸಬೇಕಾಗಿತ್ತು. ಕಪ್ಪೋ ಬಿಳಿಯೋ, ಅಷ್ಟೇ ಪ್ರಶ್ನೆ. ಯಜಮಾನರು ಆಗಲೇ ರಿಚರ್ಡ್ಸ್ ಟೌನಿನ ಮನೆಯಲ್ಲಿ ಆಕ್ಸಿಜನ್ ಹಾಕಿಕೊಂಡು ಮಲಗಿದ್ದರು. ಅವರಿಗೆ ತೊಂದರೆ ಕೊಡಬೇಡಿ, ಇಲ್ಲೇ ಕೂತು ತೀರ್ಮಾನ ಮಾಡಿ ಎಂದು ನಾನು ಹೇಳಿದ್ದೆ. ನಾನು ಬ್ಯಾಂಕಿಗೆ ಹೋಗಿ ಬರುವಷ್ಟರಲ್ಲಿ ಮೇಸ್ತ್ರಿ, ಡ್ರೈವರ್, ಪೆಟ್ಟಿಗೆಗೆ ಹೊಳಪು ಕೊಡುವ ನಮ್ಮ ಪಾಲಿಷ್ ಭಾಯಿ, ಮೂವರೂ ಯಜಮಾನರ ಮನೆಗೇ ಹೋಗಿ ಬಂದಿದ್ದರು.

"ಏನಂದರು?" ಎಂದೆ.

"ನೀವೇ ಮಾಲೀಕರು, ನೀವೇ ಯೋಚ್ನೆ ಮಾಡಿ ಅಂದ್ರು" ಎಂದರು ಮೇಸ್ತ್ರಿ.

"ಮತ್ತೆ? ಯಾವ ಬಣ್ಣ?"

"ಅದನ್ನ ಕೇಳಕ್ಕೆ ನಾಳೆ ಬರ್ತೀವಿ ಸಾರ್ ಅಂತ ಹೇಳ್ಬಿಟ್ ಬಂದ್ವಿ ಮೇಡಂ."

ಸಂಜೆ ಯಜಮಾನರ ಹೆಂಡತಿ ಫೋನ್ ಮಾಡಿದರು. ಈ ಮೂವರು ಬಂದು ಹೋದ ಮೇಲೆ ಯಜಮಾನರು ಗೋಡೆಯ ಕಡೆ ಮುಖ ಮಾಡಿ ಮಲಗಿದರಂತೆ. "ಅಂಗಡಿ ನನ್ನ ಜೊತೆಗೇ ಮಣ್ಣಿಗೆ ಹೋಗುತ್ತೆ" ಎಂದರಂತೆ. ಮಾರನೆಯ ದಿನ ನಾನೇ ಬಿಳಿ ಎಂದು ಹೇಳಿ ಬಣ್ಣ ಹೊಡೆಸಿದೆ. ನಾನು ಯಜಮಾನರನ್ನು ಕೇಳಿಯೇ ಹೇಳಿದೆ ಎಂದುಕೊಂಡು ಎಲ್ಲರಿಗೂ ಬಹಳ ಸಮಾಧಾನವಾಯಿತು. "ಸಾರ್ ಹೇಳಿದ್ಮೇಲೆ ಸರೀನೇ" ಎಂದ ಡ್ರೈವರ್.

ಹಿಡಿ

ಯಜಮಾನರು ಒಂದು ಬೆಳಿಗ್ಗೆ, ಕಾಫಿ ಆರುವ ಮುಂಚೆ, ಹೋಗಿಬಿಟ್ಟರು.

ಅಳತೆ ತೆಗೆಯಲು ಮೇಸ್ತ್ರಿ ಬಂದರು. ಎಷ್ಟೋ ಮನೆಗಳಲ್ಲಿ ಎಷ್ಟೋ ಜನರನ್ನು ಅಳೆದ ಕೈ. ಅಂದು ಟೇಪು ಬಿಚ್ಚಿಕೊಳ್ಳಲೇ ಇಲ್ಲ. ಕೊನೆಗೆ ಹಾಸಿಗೆಯ ಪಕ್ಕ ಬಗ್ಗಿ, ಯಾವತ್ತಿನ ಹಾಗೆ ಕಿವಿಯ ಹತ್ತಿರ ಬಾಯಿಟ್ಟು ಕೇಳಿದರು: "ಸಾರ್, ಪೆಟ್ಟಿಗೆ ಹಿಡಿ ಹಿತ್ತಾಳೇದು ಹಾಕ್ಲಾ, ಸ್ಟೀಲ್ದು ಹಾಕ್ಲಾ?"

ಮೇಸ್ತ್ರಿ ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು. ನನ್ನ ಕನ್ನಡಕ ಮಂಜಾಯಿತು, ತೆಗೆದು ಒರೆಸಿದೆ.

"ಹಿತ್ತಾಳೆ" ಎಂದ ಡ್ರೈವರ್, ಬಾಗಿಲ ಹತ್ತಿರದಿಂದ.

"ಅರೆ, ಸ್ಟೀಲ್ ಹಾಕಿ" ಎಂದರು ಪಾಲಿಷ್ ಭಾಯಿ. "ಸಾಬ್‌ಗೆ ದುಂದು ಆಗ್ತಿರಲಿಲ್ಲ."

"ನೀನ್ಯಾರಯ್ಯಾ ಹೇಳಕ್ಕೆ?" ಎಂದರು ಮೇಸ್ತ್ರಿ, ತಟ್ಟನೆ ನೆಟ್ಟಗಾಗಿ. "ಪೆಟ್ಟಿಗೆ ಮಾಡೋನು ನಾನು."

"ಪಾಲಿಷ್ ಹಾಕೋನು ನಾನು! ನಂದೂ ಪಾಲಿದೆ ಅಂಗಡೀಲಿ!"

"ನಂದಿಲ್ವಾ?" ಎಂದ ಡ್ರೈವರ್. "ಹಿತ್ತಾಳೆ ಅಂದ್ರೆ ಹಿತ್ತಾಳೆ!"

ಸತ್ತವರ ತಲೆದಿಂಬಿನ ಹತ್ತಿರ, ಹಲ್ಲು ಕಚ್ಚಿಕೊಂಡು, ಪಿಸುದನಿಯಲ್ಲಿ ಮೂವರೂ ಕಾದಾಡತೊಡಗಿದರು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. "ಶಿಸ್ತು!" ಎಂದು ಗದರಿದೆ. ಕ್ಷಮೆ ಕೇಳೋಣವೆಂದು ಯಜಮಾನರ ಹೆಂಡತಿಯ ಕಡೆ ತಿರುಗಿದೆ.

ಆಕೆ ಗಂಡನ ಕೈ ಹಿಡಿದುಕೊಂಡೇ ಕೂತಿದ್ದರು. ಕೆನ್ನೆಯೆಲ್ಲ ಒದ್ದೆ.

"ಯಾಕ್ರೋ ಪಿಸುಗುಡ್ತೀರಾ?" ಎಂದರು. "ಜೋರಾಗಿ ಜಗಳ ಆಡಿ. ಅವ್ರಿಗೆ ಕಿವಿ ಮಂದ."